ಪತ್ತನಾಜೆ ಕಳೆದ ಮೇಲೆ ಮಹಾಸಭೆ: ನಮ್ಮ ಸಂಘದಲ್ಲಿ ನಾನು ಮಾಡಿದ್ದು

ಕಾಸರಗೋಡಿನ ನಮ್ಮ ದಂತವೈದ್ಯರ ಸಣ್ಣ ಸಂಘದ ಮಹಾಸಭೆ ಕೆಲವು ವರ್ಷಗಳಿಂದ ಜೂನ್‌ನಲ್ಲಿ, ಸುರಿಯುವ ಮಳೆಯಲ್ಲಿ, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಸಮೇತ ನಡೆಯುತ್ತಿದೆ. "ಮಳೆಗಾಲದಲ್ಲಿ ಸಭೆ ಇಟ್ರೆ ಮೈಕಿನವನು ಮತ್ತು ನೀವು, ಇಬ್ಬರೇ ಇರ್ತೀರಿ ಡಾಕ್ಟ್ರೇ" ಎಂದವರೇ ಈಗ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಅದಕ್ಕೇ ಬರೆಯುವ ಧೈರ್ಯ ಬಂತು. ಕಾರ್ಯದರ್ಶಿ, ಖಜಾಂಚಿ ಕೆಲಸ ಮಾಡಿ ಬೈಸಿಕೊಂಡವರಿಗೆ ಸಭೆಯ ನಡಾವಳಿ ಬರೆಯುವ ಮಿನಿಟ್ಸ್ ಪುಸ್ತಕ ಎಂದರೇನು ಎಂದು ಹೇಳಬೇಕಾಗಿಲ್ಲ, ಅಲ್ವಾ? ನೇರ ವಿಷಯಕ್ಕೆ ಬರುತ್ತೇನೆ.

ಮೊದಲು ನಮ್ಮ ಮಹಾಸಭೆ ಡಿಸೆಂಬರಿನಲ್ಲಿ ಇರುತ್ತಿತ್ತು. ಅದೇ ದಿನ ಪದಗ್ರಹಣ, ಅದೇ ದಿನ ಕುಟುಂಬ ಸಮ್ಮಿಲನ. ಶಾಲು, ಸ್ಮರಣಿಕೆ, ಹೂಗುಚ್ಛ, ಮಕ್ಕಳ ಡ್ಯಾನ್ಸ್. ಇದರ ಮಧ್ಯೆ ಎಲ್ಲೋ ಐದು ನಿಮಿಷ ಲೆಕ್ಕಪತ್ರ ಮಂಡನೆ. ಆ ಲೆಕ್ಕವಾದರೂ ಯಾವುದು? ಮಾರ್ಚ್ 31ಕ್ಕೆ ಮುಗಿದ ವರ್ಷದ್ದು. ಒಂಬತ್ತು ತಿಂಗಳು ಹಳೆಯದು. ಅದನ್ನು ಓದುವ ಖಜಾಂಚಿ ಅವತ್ತೇ ಕೆಳಗಿಳಿಯುತ್ತಾರೆ. ಹೊಸಬರಿಗೆ ಸಿಗುವುದು ಅರ್ಧ ತುಂಬಿದ ರಶೀದಿ ಪುಸ್ತಕ, ಒಂದು ಪ್ಲಾಸ್ಟಿಕ್ ಚೀಲ ಬಿಲ್ಲು. ಮುಂದಿನ ಏಪ್ರಿಲ್‌ನಲ್ಲಿ ಆಡಿಟರ್ ಕೇಳುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹಿಂದಿನವರ ಕಾಲದ್ದು. ಹಿಂದಿನವರು ಫೋನ್ ಎತ್ತುವುದಿಲ್ಲ.

ಮಂಡಳಿ ವರ್ಷವಿಡೀ ಕೆಲಸ ಮಾಡುತ್ತಿರಲಿಲ್ಲ ಎನ್ನುವುದಕ್ಕೂ ಕಾರಣ ಇದೇ. ಜನವರಿಯಲ್ಲಿ ಬಂದವರಿಗೆ ಬ್ಯಾಂಕಿನಲ್ಲಿ ಸಹಿ ಬದಲಾಗುವಾಗ ಮಾರ್ಚ್ ಬರುತ್ತಿತ್ತು. ಮಾರ್ಚ್ 6ರ ದಂತವೈದ್ಯರ ದಿನ, 20ರ ವಿಶ್ವ ಬಾಯಿ ಆರೋಗ್ಯ ದಿನ ಎರಡಕ್ಕೂ ಅಧ್ಯಕ್ಷರ ಜೇಬಿನಿಂದಲೇ ದುಡ್ಡು. ಆಮೇಲೆ ಮದುವೆ, ಜಾತ್ರೆ, ದೈವಗಳ ಕೋಲ, ಯಕ್ಷಗಾನದ ಆಟ. ಮೇ ಕೊನೆಯವರೆಗೆ ಯಾರನ್ನೂ ಒಟ್ಟು ಸೇರಿಸಲು ಆಗುವುದಿಲ್ಲ. ಜೂನ್‌ನಲ್ಲಿ ಎಚ್ಚರವಾಗಿ, ಸೆಪ್ಟೆಂಬರಿನಲ್ಲಿ ಒಂದು ಶಾಲಾ ಶಿಬಿರ ಮಾಡಿ, ನವೆಂಬರಿನಲ್ಲಿ ಮತ್ತೆ ಪದಗ್ರಹಣದ ಆಮಂತ್ರಣ ಪತ್ರಿಕೆ ಪ್ರಿಂಟ್ ಮಾಡಿಸುವುದು. ಇಷ್ಟೇ ನಮ್ಮ ವರ್ಷ.

ಡಿಸೆಂಬರಿನಲ್ಲಿ ಕೋರಂ ಕೂಡ ಕಷ್ಟ. ಶಬರಿಮಲೆ ವ್ರತ, ಕ್ರಿಸ್ಮಸ್ ರಜೆ, ಗಲ್ಫಿನಿಂದ ಬಂದ ರೋಗಿಗಳ ಗೌಜಿ. ಸದಸ್ಯರು ಅರುವತ್ತರ ಆಸುಪಾಸು, ಬೈಲಾ (ಸಂಘದ ನಿಯಮಾವಳಿ) ಪ್ರಕಾರ ಮೂರನೇ ಒಂದು ಭಾಗ ಬೇಕು. ಸಭೆಗೆ ಹತ್ತೋ ಹನ್ನೆರಡೋ ಜನ. ಊಟಕ್ಕೆ ಮಾತ್ರ ನೂರು ಎಲೆ. ಅರ್ಧ ಗಂಟೆ ಕಾದು, ಮುಂದೂಡಿದ ಸಭೆ ಎಂದು ಬರೆದು ಮುಗಿಸುತ್ತಿದ್ದರು. ಆ ದಿನದ ಖರ್ಚು ಎಪ್ಪತ್ತು ಸಾವಿರದ ಹತ್ತಿರ. ಚಂದಾ ಒಬ್ಬರಿಗೆ ಸಾವಿರದ ಐನೂರು. ಎಲ್ಲರೂ ಕೊಟ್ಟರೆ ತೊಂಬತ್ತು ಸಾವಿರ ಆಗಬೇಕು, ಬರುತ್ತಿದ್ದದ್ದು ಐವತ್ತು. ಉಳಿದ ಲೆಕ್ಕ ನೀವೇ ಹಾಕಿ.

ನಾನು ಕಾರ್ಯದರ್ಶಿ ಆದಾಗ ಮೊದಲು ಸಣ್ಣ ರಿಪೇರಿಗಳನ್ನು ಮಾಡಿ ನೋಡಿದೆ. ಊಟ ಮೊದಲು, ಸಭೆ ಆಮೇಲೆ ಎಂದು ಇಟ್ಟೆವು. ಪಾಯಸ ಕುಡಿದು ಕಾರು ಹತ್ತಿದರು. ಸಭೆ ಮೊದಲು ಎಂದು ಇಟ್ಟರೆ ಸರಿಯಾಗಿ ಹನ್ನೆರಡೂವರೆಗೆ ಬಂದರು. ಮೊಬೈಲಿನಲ್ಲಿ ಮತದಾನ ಮಾಡಿಸಿದೆವು. ಒಬ್ಬರ ಮತವನ್ನು ಅವರ ಕ್ಲಿನಿಕ್ಕಿನ ರಿಸೆಪ್ಷನ್ ಹುಡುಗಿ ಹಾಕಿದ್ದಳು, ಅದೂ ಎದುರು ಅಭ್ಯರ್ಥಿಗೆ! ವಾಟ್ಸ್ಆಪ್‌ನಲ್ಲಿ ಹೆಬ್ಬೆರಳು ಎಣಿಸಿ ನಿರ್ಣಯ ಮಾಡುವ ಪದ್ಧತಿಯೂ ಬಂತು, ಜಗಳವೂ ಬಂತು. "ಮೆಸೇಜ್ ನೋಡಿದೆ ಎಂದು ಹೆಬ್ಬೆರಳು ಹಾಕಿದ್ದು, ಒಪ್ಪಿದೆ ಎಂದಲ್ಲ" ಎಂದರು ಒಬ್ಬರು. ಸರಿಯಾದ ಮಾತೇ. ಈಗ ಗ್ರೂಪಿನಲ್ಲಿ ಏನೇ ತೀರ್ಮಾನವಾದರೂ ಮುಂದಿನ ಮಂಡಳಿ ಸಭೆಯಲ್ಲಿ ಓದಿ ಮಿನಿಟ್ಸ್‌ನಲ್ಲಿ ಬರೆಯುವವರೆಗೆ ಒಂದು ರೂಪಾಯಿ ಹೊರಗೆ ಹೋಗುವುದಿಲ್ಲ.

ಕೊನೆಗೆ ಮಹಾಸಭೆಯನ್ನೇ ಜಾಗ ಬದಲಿಸೋಣ ಎಂದೆ. ತುಳುನಾಡಿನಲ್ಲಿ ಕೋಲ, ಆಟಗಳ ಕಾಲ ಮುಗಿಯುವ ದಿನವಾದ ಪತ್ತನಾಜೆ ಮೇ 24ರ ಸುಮಾರಿಗೆ ಬರುತ್ತದೆ. ಅದು ಕಳೆದರೆ ಕೋಲ ಇಲ್ಲ, ಆಟದ ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ, ಜಾತ್ರೆ ಮುಗಿದಿರುತ್ತದೆ. ಜೂನ್ ಸುರುವಿಗೆ ಶಾಲೆ ಶುರು, ಹಾಗಾಗಿ ಯಾರೂ ಊರು ಬಿಟ್ಟು ಹೋಗುವುದಿಲ್ಲ. ಭಾನುವಾರ ಮಳೆಗೆ ಮನೆಯಲ್ಲೇ ಕೂತವರನ್ನು ಎಬ್ಬಿಸುವುದು ಸುಲಭ. ಅದಕ್ಕಿಂತ ಮುಖ್ಯವಾದದ್ದು ಲೆಕ್ಕ. ಮಾರ್ಚ್ 31ಕ್ಕೆ ಪುಸ್ತಕ ಮುಚ್ಚಿ, ಏಪ್ರಿಲ್‌ನಲ್ಲಿ ಆಡಿಟ್, ಮೇ ತಿಂಗಳಲ್ಲಿ ನೋಟಿಸ್, ಜೂನ್‌ನಲ್ಲಿ ಬಿಸಿಬಿಸಿ ಲೆಕ್ಕ. ಯಾರ ಕಾಲದ ಖರ್ಚೋ ಅವರೇ ಉತ್ತರ ಕೊಡಬೇಕು.

ಒಪ್ಪಿಸುವುದಕ್ಕೆ ಸುಮಾರು ಒಂದು ವರ್ಷ ಹಿಡಿಯಿತು. ಬೈಲಾ ತಿದ್ದಬೇಕು. ಕೊಚ್ಚಿ ಕಡೆಯ ಸ್ನೇಹಿತರೊಬ್ಬರು ತಮ್ಮ ಸಂಘದ ಮಾದರಿ ಕಳಿಸಿದರು. ನೋಡಿದರೆ ಅದು ಅಲ್ಲಿನ, ಹಳೆಯ ತಿರುವಾಂಕೂರು-ಕೊಚ್ಚಿ ರಾಜ್ಯದ 1955ರ ಕಾಯ್ದೆಯ ಪ್ರಕಾರದ್ದು. ನಮ್ಮದು ಮದ್ರಾಸ್ ಪ್ರಾಂತ್ಯದಿಂದ ಬಂದ ಊರು, 1956ರಲ್ಲಿ ಕೇರಳಕ್ಕೆ ಸೇರಿದ್ದು. ಇಲ್ಲಿ ನಡೆಯುವುದು 1860ರ ಸೊಸೈಟಿ ನೋಂದಣಿ ಕಾಯ್ದೆ. ಒಂದೇ ರಾಜ್ಯ, ಎರಡು ಕಾನೂನು. ಸಂಘದ ಉದ್ದೇಶವನ್ನೇ ಬದಲಿಸುವುದಾದರೆ 12ನೇ ಕಲಂ ಕಾಡುತ್ತದೆ: ಹತ್ತು ದಿನ ಮೊದಲು ಎಲ್ಲರಿಗೂ ಬರಹದಲ್ಲಿ ಕಳಿಸಬೇಕು, ಐದರಲ್ಲಿ ಮೂರು ಪಾಲು ಮತ ಬೇಕು, ತಿಂಗಳು ಬಿಟ್ಟು ಮತ್ತೊಂದು ಸಭೆಯಲ್ಲಿ ಅಷ್ಟೇ ಮತದಿಂದ ಖಚಿತಪಡಿಸಬೇಕು. ನಾವು ಬದಲಿಸಿದ್ದು ಮಹಾಸಭೆಯ ತಿಂಗಳು ಮಾತ್ರ. ನಮ್ಮದೇ ಬೈಲಾದಲ್ಲಿ ಹೇಳಿದ ಬಹುಮತ ಸಾಕಾಯಿತು.

ಅದೇ ಕಾಯ್ದೆಯ 4ನೇ ಕಲಂ ಮಾತ್ರ ಪ್ರತಿ ಕಾರ್ಯದರ್ಶಿಯ ಮೇಜಿನ ಮೇಲೆ ಅಂಟಿಸಬೇಕು. ಮಹಾಸಭೆಯಾಗಿ ಹದಿನಾಲ್ಕು ದಿನದೊಳಗೆ ಆಡಳಿತ ಮಂಡಳಿಯವರ ಹೆಸರು, ವಿಳಾಸ, ಉದ್ಯೋಗದ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಕೊಡಬೇಕು. ನಮ್ಮಲ್ಲಿ ಎಷ್ಟೋ ವರ್ಷ ಕೊಟ್ಟಿರಲೇ ಇಲ್ಲ. ಹಳೆಯ ಪಟ್ಟಿಗಳನ್ನು ಜೋಡಿಸಲು ಮಾಜಿ ಅಧ್ಯಕ್ಷರ ಅಟ್ಟದಿಂದ ಆಮಂತ್ರಣ ಪತ್ರಿಕೆಗಳನ್ನು ಇಳಿಸಬೇಕಾಯಿತು. ಪದಗ್ರಹಣದ ಪತ್ರಿಕೆಗಳಿಂದ ಆದ ಒಂದೇ ಉಪಕಾರ ಅದು.

ಈಗ ಸಭೆ ಮುಗಿದ ಹಾಲ್‌ನಲ್ಲೇ ಪಟ್ಟಿಗೆ ಸಹಿ ಹಾಕಿಸುತ್ತೇನೆ. ಬ್ಯಾಂಕಿನ ನಿರ್ಣಯವನ್ನೂ ಅವರದೇ ನಮೂನೆಯಲ್ಲಿ ಮೊದಲೇ ಟೈಪ್ ಮಾಡಿಸಿಕೊಂಡು ಹೋಗುತ್ತೇನೆ. ಅಭ್ಯರ್ಥಿಗಳು ನಾಮಪತ್ರದ ಜೊತೆಗೇ ಪಾನ್, ಆಧಾರ್ ಪ್ರತಿ ಮತ್ತು ಎರಡು ಫೋಟೋ ಕೊಡಬೇಕು. ಸೋತವರದ್ದು ಅಲ್ಲೇ ವಾಪಸ್. ಸಹಿ ಬದಲಾಗಲು ಎರಡು ಮೂರು ತಿಂಗಳು ಹಿಡಿಯುತ್ತಿದ್ದದ್ದು ಈಗ ಹತ್ತು ದಿನದೊಳಗೆ ಮುಗಿಯುತ್ತದೆ.

ಕೋರಂ ತಂದುಕೊಟ್ಟದ್ದು ಊಟವಲ್ಲ, ಫಾರ್ಮ್ 4. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಪ್ರತಿ ಕ್ಲಿನಿಕ್ಕೂ ಜೂನ್ 30ರೊಳಗೆ ಈ ಫಾರ್ಮಿನಲ್ಲಿ ತನ್ನ ತ್ಯಾಜ್ಯದ ವಾರ್ಷಿಕ ವರದಿ ಕೊಡಬೇಕು. ಎಲ್ಲರಿಗೂ ತಲೆನೋವು, ಎಲ್ಲರೂ ಕೊನೆಯ ದಿನದವರೆಗೆ ಎಳೆಯುವವರೇ. ಮಹಾಸಭೆಯ ದಿನ ಹಾಲ್‌ನ ಹಿಂದೆ ಮೇಜು ಹಾಕಿ, ಲ್ಯಾಪ್‌ಟಾಪ್ ಇಟ್ಟು, ಕಂಪ್ಯೂಟರ್ ಗೊತ್ತಿರುವ ಇಬ್ಬರು ಹುಡುಗರನ್ನು ಕೂರಿಸಿದೆವು. ಹಳದಿ, ಕೆಂಪು, ಬಿಳಿ, ನೀಲಿ ಚೀಲ ಡಬ್ಬಗಳ ಕಿಲೋ ಲೆಕ್ಕ ತನ್ನಿ, ತುಂಬಿಸಿ ಕೊಡುತ್ತೇವೆ ಎಂದು ನೋಟಿಸಿನಲ್ಲೇ ಹಾಕಿದೆವು. ಹುಡುಗರಿಗೆ ಕೊಟ್ಟದ್ದು ಎರಡು ಸಾವಿರವೋ ಏನೋ. ಮೊದಲ ವರ್ಷ ಮೂವತ್ತಕ್ಕೂ ಜಾಸ್ತಿ ಜನ ಬಂದರು. ಉಪ್ಪಳ, ಮಂಜೇಶ್ವರ, ಪೆರ್ಲ, ಮುಳ್ಳೇರಿಯ, ಯಾವತ್ತೂ ಮುಖ ಕಾಣದವರೆಲ್ಲ ಒದ್ದೆ ಕೊಡೆ ಹಿಡಿದು ನಿಂತಿದ್ದರು. ಮೇಜು ತೆರೆಯುವುದು ಲೆಕ್ಕಪತ್ರ ಪಾಸಾದ ಮೇಲೆ. ಅದು ಕಾಕತಾಳೀಯ ಅಲ್ಲ!

ಮಳೆಯ ರೆಡ್ ಅಲರ್ಟ್ ಬಂದರೆ ಏನು ಎಂಬುದಕ್ಕೆ ನೋಟಿಸಿನಲ್ಲೇ ಮುಂದಿನ ಭಾನುವಾರದ ತಾರೀಕು ಬರೆದಿಡುತ್ತೇವೆ. ಬಕ್ರೀದನ್ನೂ ನೋಡಿಕೊಳ್ಳಬೇಕು. 2025ರಲ್ಲಿ ಜೂನ್ 7ಕ್ಕೆ ಬಂದದ್ದರಿಂದ ಸಭೆಯನ್ನು ಒಂದು ವಾರ ಆಚೆ ಇಟ್ಟೆವು.

ಅಧಿಕಾರ ಜೂನ್‌ನಲ್ಲೇ ಕೈಬದಲಾದರೂ ಪದಗ್ರಹಣದ ಸಮಾರಂಭವನ್ನು ತೆಗೆದುಹಾಕಲಿಲ್ಲ. ಹಾಗೆ ಮಾಡಿದ್ದರೆ ನನ್ನನ್ನೇ ತೆಗೆದುಹಾಕುತ್ತಿದ್ದರು. ಕುಟುಂಬ ಸಮ್ಮಿಲನದ ಜೊತೆ ಡಿಸೆಂಬರಿನಲ್ಲೇ ಉಳಿಸಿದೆವು, ಖರ್ಚು ಬಂದವರದ್ದೇ. ಮಹಾಸಭೆಗೆ ಈಗ ಹದಿನೆಂಟು ಸಾವಿರ ಚಿಲ್ಲರೆ ಆಗುತ್ತದೆ: ಹಾಲ್, ಮೈಕ್, ಇಡ್ಲಿ ಸಾಂಬಾರ್, ಮಧ್ಯಾಹ್ನ ಕುಚ್ಚಲಕ್ಕಿ ಊಟ. ಮಂಗಳೂರಿನಿಂದ ಡೆಂಟಲ್ ಸಾಮಾನಿನವರು ಎರಡು ಮೂರು ಸ್ಟಾಲ್ ಹಾಕುತ್ತಾರೆ, ತಲಾ ಐದು ಸಾವಿರ. ಖರ್ಚಿನ ದೊಡ್ಡ ಪಾಲು ಅದರಲ್ಲೇ ಬರುತ್ತದೆ. ಚಂದಾ ವಸೂಲಿಯೂ ಎಂಬತ್ತು ಸಾವಿರ ದಾಟಿದೆ. ಹಿರಿಯರಿಂದ ಬಾಕಿ ಚಂದಾ ತರಿಸುವ ನನ್ನ ಉಪಾಯ ಒಂದಿದೆ. ಅದನ್ನು ಇಲ್ಲಿ ಬರೆದರೆ ಅವರೂ ಓದುತ್ತಾರೆ, ಬೇಡ.

ಮಧ್ಯೆ ಇನ್ನೊಂದು ಪ್ರಯೋಗ. ಮಿನಿಟ್ಸ್ ಕನ್ನಡದಲ್ಲಿ ಬರೆದರೆ ಕಾಞಂಗಾಡ್ ಕಡೆಯವರು ಓದುವುದಿಲ್ಲ, ಮಲಯಾಳಂನಲ್ಲಿ ಬರೆದರೆ ಬದಿಯಡ್ಕದವರು ಓದುವುದಿಲ್ಲ, ಇಂಗ್ಲಿಷಿನಲ್ಲಿ ಬರೆದರೆ ಯಾರೂ ಓದುವುದಿಲ್ಲ. ನಮ್ಮ ಜೊತೆ ಕಾರ್ಯದರ್ಶಿ ಮೇಡಂ ಪ್ರತಿ ಸಭೆಯ ನಂತರ ಎರಡು ನಿಮಿಷದ ಧ್ವನಿ ಸಂದೇಶ ಹಾಕತೊಡಗಿದರು, ಒಮ್ಮೆ ತುಳುವಿನಲ್ಲಿ, ಒಮ್ಮೆ ಮಲಯಾಳಂನಲ್ಲಿ. ಪುಸ್ತಕದಲ್ಲಿ ಇಂಗ್ಲಿಷ್ ಇರಲಿ, ಕಿವಿಗೆ ಇದು. ಮರುದಿನವೇ ತಕರಾರುಗಳು ಬರುತ್ತವೆ. ಮೊದಲು ಆರು ತಿಂಗಳು ಬಿಟ್ಟು ಬರುತ್ತಿದ್ದವು.

ಮಂಡಳಿಯಲ್ಲಿ ಖಜಾಂಚಿಗೆ ಎರಡು ವರ್ಷ, ಕಾರ್ಯದರ್ಶಿಗೆ ಒಂದು ವರ್ಷ ಎಂದು ಮಾಡಿದ್ದೂ ಒಳ್ಳೆಯದಾಯಿತು. ಪ್ರತಿ ವರ್ಷ ಇಬ್ಬರೂ ಒಟ್ಟಿಗೆ ಎದ್ದು ಹೋಗುವುದು ತಪ್ಪಿತು. ನಾನು ಒಂದು ಬಿಡುವಿನ ನಂತರ ಮತ್ತೆ ಕಾರ್ಯದರ್ಶಿ ಆಗಿದ್ದೇನೆ.

ಸರಿಯಾಗದೆ ಉಳಿದದ್ದು ಹಳೆಯ ಒಂದು ಎಫ್‌ಡಿ. ಒಂದು ಲಕ್ಷದ ಆಸುಪಾಸು ಇರಬಹುದು. ಸಂಘದ ಹೆಸರಿನಲ್ಲಿ ಮಾಡದೆ ಅಂದಿನ ಇಬ್ಬರು ಪದಾಧಿಕಾರಿಗಳ ಹೆಸರಿನಲ್ಲಿ ಮಾಡಿಟ್ಟಿದ್ದಾರೆ. ಒಬ್ಬರು ಇಲ್ಲೇ ಇದ್ದಾರೆ, ಇನ್ನೊಬ್ಬರು ದುಬೈಯಲ್ಲಿ. ಅವರು ಓಣಂಗೆ ಬರುತ್ತಾರಂತೆ. ನಿರ್ಣಯದ ಪ್ರತಿ, ಬ್ಯಾಂಕಿನ ಫಾರ್ಮು ರೆಡಿ ಮಾಡಿ ಇಟ್ಟಿದ್ದೇನೆ. ಬಂದ ದಿನವೇ ಹಿಡಿಯಬೇಕು, ಮರುದಿನ ಮಾವನ ಮನೆಗೆ ಹೋಗಿಬಿಡುತ್ತಾರೆ.