ಇಂಡಿ ಬಿಸಿಲಿಗೆ ಎರೆಹುಳು ಉಳಿಸಿದ್ದು: ನನ್ನ ಅನುಭವ

ವಿಜಯಪುರ ಜಿಲ್ಲೆಯ ನಮ್ಮ ಇಂಡಿ ಸೀಮೆಯಲ್ಲಿ ಎರೆಹುಳು ಗೊಬ್ಬರದ ಲೆಕ್ಕ ಇಷ್ಟೇ. ಮಳೆಗಾಲಕ್ಕೆ ಹುಳ ತರುವುದು, ದೀಪಾವಳಿ ಹೊತ್ತಿಗೆ ಒಂದು ಸಲ, ಸಂಕ್ರಾಂತಿ ದಾಟಿದ ಮೇಲೆ ಇನ್ನೊಂದು ಸಲ ಗೊಬ್ಬರ ತೆಗೆಯುವುದು, ಏಪ್ರಿಲ್‌ನಲ್ಲಿ ಹುಳ ಸತ್ತವು ಅಂತ ಕೈ ತೊಳೆದುಕೊಳ್ಳುವುದು. ಸಬ್ಸಿಡಿಯಲ್ಲಿ ಕಟ್ಟಿದ ಎಷ್ಟು ತೊಟ್ಟಿಗಳಲ್ಲಿ ಈಗ ಕುರಿಮರಿ ಕೂಡಿಹಾಕಿದ್ದಾರೆ ಅನ್ನುವುದನ್ನು ನೀವೂ ನೋಡಿದ್ದೀರಿ. ನಾನು ನಾಲ್ಕೈದು ವರ್ಷದಿಂದ ಹೊರಗಿನಿಂದ ಹುಳ ಕೊಂಡಿಲ್ಲ. ಈ ಸಲ ಮಳೆ ಬಿದ್ದ ಮೇಲೆ ನಾನೇ ಮೂವತ್ತು ಕಿಲೋ ಹತ್ತಿರ ಮಾರಿದ್ದೇನೆ. ಒಯ್ದವರಲ್ಲಿ "ಇಲ್ಲೆ ಮನಷ್ಯಾಗ ನಿಲ್ಲಾಕ ಆಗಂಗಿಲ್ಲ, ಹುಳ ನಿಲ್ತಾವೇನೋ ತಮ್ಮಾ?" ಅಂತ ನಕ್ಕಿದ್ದ ಪಕ್ಕದ ಹೊಲದ ಕಾಕಾನೂ ಇದ್ದಾರೆ.

ತೊಟ್ಟಿ ಕಟ್ಟುವುದು, ಸಗಣಿಯ ಬಿಸಿ ಆರಿಸುವುದು, ಪದರ ಹಾಕುವುದು ನಿಮಗೆ ಬರುತ್ತದೆ, ಅದನ್ನು ಬಿಡುತ್ತೇನೆ. ನನಗೆ ದಾರಿ ಸಿಕ್ಕಿದ್ದು ಹುಳದ ಮೈಯನ್ನೇ ಭೂತಗನ್ನಡಿ ಹಿಡಿದು ನೋಡಲು ಶುರುಮಾಡಿದ ಮೇಲೆ.

ಮೊದಲ ಬೇಸಿಗೆಯಲ್ಲಿ ಹೋದದ್ದು ಹತ್ತು ಹನ್ನೆರಡು ಕಿಲೋ ಹುಳ. ಕಿಲೋಕ್ಕೆ ನಾನೂರರಂತೆ ತಂದದ್ದು, ಗಾಡಿ ಬಾಡಿಗೆ ಬೇರೆ. ಎಲ್ಲರೂ ಬಿಸಿಲಿಗೆ ಸತ್ತವು ಅಂದರು. ತೊಟ್ಟಿ ಬಗೆದು ನೋಡಿದರೆ ತಳದ ಒಂದು ಗೇಣು ಕರ್ರಗೆ ಕೊಳೆತು ನಾರುತ್ತಿತ್ತು. ಹುಳವೆಲ್ಲ ಮೇಲೆ ಬಂದು ಗೋಣಿತಟ್ಟಿಗೆ, ಗೋಡೆಗೆ ಅಂಟಿಕೊಂಡು ಸತ್ತಿದ್ದವು. ಬಿಸಿಲು ಅಂತ ಹೆದರಿ ದಿನಕ್ಕೆ ಮೂರು ಸಲ ಪೈಪು ಹಿಡಿಯುವುದರ ಫಲ ಅದು. ಎರೆಹುಳುವಿಗೆ ಪುಪ್ಪುಸ ಇಲ್ಲ, ಅದು ಉಸಿರಾಡುವುದು ಚರ್ಮದಿಂದ. ಚರ್ಮದ ಮೇಲಿನ ತೆಳು ನೀರಿನ ಪೊರೆಯಲ್ಲಿ ಗಾಳಿ ಕರಗಿ ಒಳಗಿನ ರಕ್ತಕ್ಕೆ ಹೋಗಬೇಕು. ಪೊರೆ ಒಣಗಿದರೂ ಸಾಯುತ್ತದೆ, ನೀರು ತುಂಬಿ ಗಾಳಿ ಆಡದಿದ್ದರೂ ಸಾಯುತ್ತದೆ. ನಮ್ಮಲ್ಲಿ ಒಣಗಿ ಸಾಯುವುದಕ್ಕಿಂತ ಹೀಗೆ ಉಸಿರುಗಟ್ಟಿ ಸಾಯುವುದೇ ಹೆಚ್ಚು ಅಂತ ಈಗ ಖಾತ್ರಿಯಾಗಿ ಹೇಳುತ್ತೇನೆ. ಮುಂದಿನ ತೊಟ್ಟಿಗೆ ತಳದಲ್ಲಿ ಇಟ್ಟಿಗೆ ಚೂರು, ಅದರ ಮೇಲೆ ತೊಗರಿ ಕಟ್ಟಿಗೆ ಹಾಕಿದೆ. ನೀರು ಗೋಣಿತಟ್ಟಿಗೆ ಮಾತ್ರ, ಒಳಗೆ ಹಿಡಿಯುವುದಿಲ್ಲ.

ಅದರ ಮರುವರ್ಷ ನೀರು ಹದವಾಗಿಯೇ ಇತ್ತು, ಆದರೂ ಏಪ್ರಿಲ್ ಕೊನೆಗೆ ಹುಳ ತೆಳ್ಳಗಾಗಿ, ಮೈ ಬಿಳಚಿಕೊಂಡು, ಕಡಿಮೆಯಾಗುತ್ತ ಹೋದವು. ಗೋಣಿತಟ್ಟಿನ ಅಂಚಿಗೆ ಬೆಳ್ಳಗೆ ಉಪ್ಪು ಕಟ್ಟಿತ್ತು. ನಮ್ಮ ಬೋರಿನ ನೀರು ಸವುಳು, ಕುಡಿದರೆ ನಿಮಗೇ ಗೊತ್ತಾಗುತ್ತದೆ. ದಿನವೂ ಅದನ್ನೇ ಚಿಮುಕಿಸಿದರೆ ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ, ಎರಡು ತಿಂಗಳಲ್ಲಿ ತೊಟ್ಟಿಯೇ ಉಪ್ಪಿನಕಾಯಿ ಭರಣಿ. ಮೈಯಲ್ಲಿ ಉಪ್ಪನ್ನು ತಡೆಯುವ ಸಿಪ್ಪೆಯಿಲ್ಲದ ಪ್ರಾಣಿ ಅದು, ಒಳಗಿನ ನೀರನ್ನೇ ಬಿಟ್ಟುಕೊಡುತ್ತದೆ. ಕೃಷಿಹೊಂಡದ ನೀರಿಗೆ ಬದಲಾಯಿಸಿದೆ. ಹೊಂಡ ಬತ್ತಿದಾಗ ಟ್ಯಾಂಕರ್ ತರಿಸಿದ್ದೂ ಇದೆ, ಒಂದು ಟ್ಯಾಂಕರಿಗೆ ಆರುನೂರೋ ಏಳುನೂರೋ. ಮನೆಯಲ್ಲಿ ಮಾತು ಕೇಳಬೇಕಾಯಿತು: "ಮಂದಿ ಲಿಂಬಿಗಿಡಕ್ಕ ಟ್ಯಾಂಕರ್ ತರಸ್ತಾರ, ಇವರು ಹುಳಕ್ಕ ತರಸ್ತಾರ."

ಇಷ್ಟಾದರೂ ಮೇ ಕೊನೆಗೆ ದೊಡ್ಡ ಹುಳ ಉಳಿದದ್ದು ಬೆರಳೆಣಿಕೆ. ತೊಟ್ಟಿ ಹಾಗೇ ಬಿಟ್ಟೆ. ಮೃಗಶಿರ ಮಳೆ ಚೆನ್ನಾಗಿ ಹೊಡೆದು ಮೂರು ವಾರದ ಮೇಲೆ ಕೈ ಹಾಕಿದರೆ ದಾರದ ಎಳೆಯಂಥ ಬಿಳಿ ಮರಿಗಳು ಗಿಜಿಗುಡುತ್ತಿದ್ದವು. ಎಲ್ಲಿಂದ ಬಂದವು? ತತ್ತಿಯಿಂದ. ದೊಡ್ಡ ಹುಳ ಸತ್ತ ಬಿಸಿಲಲ್ಲಿ ತತ್ತಿ ಸತ್ತಿರಲಿಲ್ಲ. ನಾವು ಮೇ ತಿಂಗಳಿಡೀ ಉಳಿಸಲು ಒದ್ದಾಡುತ್ತಿದ್ದದ್ದು ಹುಳವನ್ನು, ಉಳಿಸಲು ಸುಲಭವಾದದ್ದು ತತ್ತಿ. ನನ್ನ ವಿಧಾನವೆಲ್ಲ ಇದರ ಮೇಲೇ ನಿಂತಿದೆ.

ತತ್ತಿ ಗುರುತಿಸಲು ಬಾರದವರೇ ಹೆಚ್ಚು. ಗಾತ್ರ ಜೋಳದ ಕಾಳಿನಷ್ಟು, ಎರಡೂ ತುದಿ ಸ್ವಲ್ಪ ಚೂಪು. ಹೊಸದು ತೆಳು ಹಳದಿ, ಬಲಿತಂತೆ ಕಂದು, ಮರಿ ಹೊರಬೀಳುವ ಮುಂಚೆ ಕೆಂಪು ಛಾಯೆ. ಬೆಳೆದ ಹುಳದ ಮೈಮೇಲೆ ದಪ್ಪ ಪಟ್ಟಿ ಇರುತ್ತದಲ್ಲ, ಕ್ಲೈಟೆಲಮ್ ಅನ್ನುತ್ತಾರೆ, ತತ್ತಿಯ ಕೋಶ ತಯಾರಾಗುವುದು ಅಲ್ಲಿ. ಒಂದೇ ಹುಳದಲ್ಲಿ ಗಂಡು ಹೆಣ್ಣು ಎರಡೂ ಅಂಗ ಇರುತ್ತವೆ, ಆದರೂ ಜೋಡಿ ಬೇಕು. ಎರಡು ಹುಳ ಒಂದರ ತಲೆಯ ಕಡೆ ಇನ್ನೊಂದರ ಬಾಲ ಬರುವಂತೆ ಮಲಗಿ ಪರಸ್ಪರ ವೀರ್ಯ ಕೊಟ್ಟುಕೊಳ್ಳುತ್ತವೆ. ಆಮೇಲೆ ಪಟ್ಟಿ ಒಂದು ಉಂಗುರದಂಥ ಪೊರೆ ಬಿಡುತ್ತದೆ. ಹುಳ ಹಿಂದಕ್ಕೆ ಸರಿಯುತ್ತ ಹೋದಂತೆ ಆ ಉಂಗುರ ತಲೆಯ ಕಡೆ ಜಾರುತ್ತ ಮೊಟ್ಟೆಯನ್ನೂ ಕೂಡಿಟ್ಟ ವೀರ್ಯವನ್ನೂ ತೆಗೆದುಕೊಂಡು ಮೂತಿಯಿಂದ ಕಳಚಿ ಬೀಳುತ್ತದೆ, ಎರಡೂ ತುದಿ ಮುಚ್ಚಿಕೊಳ್ಳುತ್ತವೆ. ಎರಡು ಹುಳ ಕೂಡಿದರೆ ತತ್ತಿ ಇಡುವುದು ಎರಡೂ. ಒಂದು ತತ್ತಿಯಿಂದ ಸಾಮಾನ್ಯವಾಗಿ ಎರಡು ಮೂರು ಮರಿ, ಮರಿ ಪಟ್ಟಿ ಕಟ್ಟಲು ಆರೆಂಟು ವಾರ.

ಈ ಪಟ್ಟಿಯೇ ನನ್ನ ಮೀಟರು. ವಾರಕ್ಕೊಮ್ಮೆ ಒಂದು ಹಿಡಿ ಹುಳ ತೆಗೆದು ನೋಡುತ್ತೇನೆ. ಹತ್ತರಲ್ಲಿ ಆರೇಳಕ್ಕೆ ಪಟ್ಟಿ ಉಬ್ಬಿದ್ದರೆ ತೊಟ್ಟಿ ಸುಖವಾಗಿದೆ. ಗಾತ್ರ ಇದ್ದೂ ಪಟ್ಟಿ ಬತ್ತಿದ್ದರೆ ಏನೋ ಕಡಿಮೆಯಾಗಿದೆ, ತಿನಿಸೋ ತೇವವೋ. ಹುಳ ಸಾಯುವುದಕ್ಕೆ ಎಷ್ಟೋ ದಿನ ಮೊದಲೇ ಇದು ಕಾಣುತ್ತದೆ.

ಜಾತಿ ಪತ್ತೆಗೂ ಇದೇ ಪಟ್ಟಿ. ಮೊದಲು ನನಗೆ ಹುಳ ಮಾರಿದವರು "ಆಫ್ರಿಕಾದ್ದು, ಬಿಸಿಲಿಗೆ ಜಗ್ಗಂಗಿಲ್ಲ" ಅಂದಿದ್ದರು. ಆ ಜಾತಿಯ ಹೆಸರು ಯೂಡ್ರಿಲಸ್, ಬಂದದ್ದು ಪಶ್ಚಿಮ ಆಫ್ರಿಕಾದ ತೇವದ ನಾಡಿನಿಂದ, ನಮ್ಮ ಒಣ ಬಿಸಿಲಿಗೂ ಅದಕ್ಕೂ ಸಂಬಂಧ ಇಲ್ಲ. ಅದು ಉದ್ದ, ನೇರಳೆ ಹೊಳಪು, ಪಟ್ಟಿ ಮೂತಿಗೆ ಹತ್ತಿರ, ಮೈಯ ಉಂಗುರಗಳನ್ನು ಮೂತಿಯಿಂದ ಎಣಿಸಿದರೆ 14ನೇದರ ಸುಮಾರಿಗೆ ಶುರು. ಇನ್ನೊಂದು ಜಾತಿ ಐಸೀನಿಯಾ ಫೆಟಿಡಾ, ಅದು ಸಣ್ಣದು, ಉಂಗುರಗಳ ನಡುವೆ ಹಳದಿ ಗೆರೆ, ಪಟ್ಟಿ 25ನೇ ಉಂಗುರದ ಆಚೆ, ಕೆಣಕಿದರೆ ಹಳದಿ ರಸ ಬಿಟ್ಟು ನಾರುತ್ತದೆ. ಬೇಗ ಗೊಬ್ಬರ ಬೇಕಾದರೆ ಯೂಡ್ರಿಲಸ್, ನನ್ನ ತೊಟ್ಟಿಯಲ್ಲಿ ಬೇಸಿಗೆ ದಾಟಿದ್ದು ಐಸೀನಿಯಾ. ಎರಡನ್ನೂ ಬೆರೆಸಿ ಮಾರುವವರಿದ್ದಾರೆ. ಒಂದೊಂದು ಹಿಡಿ ಅಂಗೈಯಲ್ಲಿ ಹಾಕಿಕೊಂಡು ನೋಡಿ ಕೊಳ್ಳಿ.

ಈಗ ನಾನು ಮಾಡುವುದು ಹೀಗೆ. ಶಿವರಾತ್ರಿ ಹೊತ್ತಿಗೆ ಗೊಬ್ಬರ ತೆಗೆಯುವಾಗ ಎರಡು ಜರಡಿ ಹಿಡಿಯುತ್ತೇನೆ. ಮೇಲಿನದು ಕಸಕಡ್ಡಿ, ಹುಳ ತಡೆಯುತ್ತದೆ. ಕೆಳಗಿನದು ಎರಡು ಮಿಲಿಮೀಟರಿನದು, ಅದರಲ್ಲಿ ತತ್ತಿ ಮತ್ತು ದಪ್ಪ ಕಾಳು ಗೊಬ್ಬರ ನಿಲ್ಲುತ್ತದೆ. ಒಂದೇ ಜರಡಿ ಹಿಡಿದು ಚೀಲ ತುಂಬುವವರು ಮುಂದಿನ ವರ್ಷದ ಹುಳವನ್ನು ಗೊಬ್ಬರದ ರೇಟಿಗೆ ಮಾರುತ್ತಿದ್ದಾರೆ. ಈ ತತ್ತಿ ಗೊಬ್ಬರವನ್ನು ಮಣ್ಣಿನ ಗಡಿಗೆಗಳಲ್ಲಿ ತುಂಬಿ, ಬೇವಿನ ಮರದ ಬುಡದಲ್ಲಿ ಕುತ್ತಿಗೆ ತನಕ ಹೂಳಿ, ಬಾಯಿಗೆ ಬಟ್ಟೆ ಕಟ್ಟುತ್ತೇನೆ. ತೇವ ಹೆಚ್ಚಾದರೆ ಗಡಿಗೆಯಲ್ಲೇ ಒಡೆದು ಮರಿ ಉಪವಾಸ ಬೀಳುತ್ತವೆ, ಪೂರ್ತಿ ಒಣಗಿದರೆ ತತ್ತಿ ಚಪ್ಪಟೆಯಾಗಿ ಹೋಗುತ್ತದೆ. ಆ ನಡುವಿನ ಹದ ಎಷ್ಟು, ಗಡಿಗೆಯ ತಳಕ್ಕೆ ನಾನು ಏನು ಹಾಕುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಹೊಲಕ್ಕೆ ಬಂದವರಿಗೆ ಚಹಾ ಕೊಟ್ಟು ತೋರಿಸುತ್ತೇನೆ. ಜೂನ್‌ನಲ್ಲಿ ಒಂದು ಹಿಡಿ ನೆನೆಸಿ ನೋಡಿದಾಗೆಲ್ಲ ಅರ್ಧಕ್ಕಿಂತ ಹೆಚ್ಚು ಒಡೆದಿವೆ.

ಜೊತೆಗೆ ಒಂದೇ ಒಂದು ಸಣ್ಣ ತೊಟ್ಟಿಯಲ್ಲಿ ಜೀವಂತ ಹುಳವನ್ನೂ ಇಟ್ಟಿರುತ್ತೇನೆ. ಇಲ್ಲಿ ನಮ್ಮ ಒಣ ಗಾಳಿಯೇ ನಮಗೆ ನೆಂಟ. ತೊಟ್ಟಿಯ ಸುತ್ತ ಒದ್ದೆ ತಟ್ಟು ಇಳಿಬಿಟ್ಟು ಗಾಳಿ ಆಡಲು ಬಿಟ್ಟರೆ ನೀರು ಸರಸರ ಆರುತ್ತದೆ, ಆರಿದಷ್ಟೂ ತಂಪು. ಹೊರಗೆ 42 ಡಿಗ್ರಿ ಇದ್ದಾಗ ಒಳಗೆ 30ರ ಆಸುಪಾಸು ನೋಡಿದ್ದೇನೆ. ತಗಡಿನ ಶೆಡ್ ಹಾಕಿ ಸುತ್ತ ಗೋಡೆ ಕಟ್ಟಿದವರಿಗೆ ಇದು ಸಿಗುವುದಿಲ್ಲ. ನನ್ನದು ಕಣಿಕಿ, ಅಂದರೆ ಜೋಳದ ದಂಟು, ಹೊದಿಸಿದ ಹಂದರ, ಖರ್ಚು ಮೂರು ಸಾವಿರದೊಳಗೆ.

ನಡುನಡುವೆ ಮಾಡಿದ ಆಟಗಳೂ ಇವೆ. ತೋಟದಲ್ಲಿ ಉದುರಿದ ಲಿಂಬೆಹಣ್ಣು ಸುಮ್ಮನೆ ಹೋಗುತ್ತದಲ್ಲ ಅಂತ ಒಂದು ಮೂಲೆಗೆ ಹಾಕಿದೆ. ಹುಳ ಆ ಮೂಲೆಯನ್ನೇ ಬಿಟ್ಟವು. ಹುಳಿಯೂ ಸಿಪ್ಪೆಯ ಎಣ್ಣೆಯೂ ಆ ಮೆತ್ತನೆ ಚರ್ಮಕ್ಕೆ ಆಗುವುದಿಲ್ಲ. ಸಗಣಿ ಜೊತೆ ಬೇರೆ ಕಡೆ ಕೊಳೆಸಿ, ವಾಸನೆ ಹೋದ ಮೇಲೆ ಹಾಕಿದರೆ ಮುಗಿಬಿದ್ದು ತಿಂದವು.

ಇನ್ನೊಂದು, ಮರಳು. ಎರೆಹುಳುವಿಗೆ ಹಲ್ಲಿಲ್ಲ, ಕೋಳಿಗಿರುವಂತೆ ಒಂದು ಅರೆಯುವ ಚೀಲ ಇದೆ, ಅರೆಯಲು ಕಣ ಬೇಕು. ಬರೀ ಸಗಣಿ, ಕಬ್ಬಿನ ರವದಿ (ಒಣ ಗರಿ) ಹಾಕಿದ ತೊಟ್ಟಿಗೂ ಎರಡು ಬೊಗಸೆ ಸಣ್ಣ ಮರಳು ಸೇರಿಸಿದ ತೊಟ್ಟಿಗೂ ಗೊಬ್ಬರ ಆಗುವುದರಲ್ಲಿ ಹತ್ತು ದಿನದ ಹತ್ತಿರ ಫರಕು ಬಂತು.

ರಾತ್ರಿ ಹುಳ ನೋಡಲು ಬ್ಯಾಟರಿ ಹಿಡಿದರೆ ಒಳಗೆ ಜಾರಿಬಿಡುತ್ತವೆ. ಕಣ್ಣಿಲ್ಲ, ಬೆಳಕು ತಿಳಿಯುವ ಕೋಶಗಳು ಚರ್ಮದಲ್ಲೇ ಇವೆ. ಕೆಂಪು ಬೆಳಕು ಮಾತ್ರ ಅವಕ್ಕೆ ಅಷ್ಟಾಗಿ ತಿಳಿಯುವುದಿಲ್ಲ. ಬ್ಯಾಟರಿಗೆ ಕೆಂಪು ಜಿಲೆಟಿನ್ ಕಾಗದ ಕಟ್ಟಿ, ಮೇಲೆ ಬಂದು ಮೇಯುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಹೊಸ ಮರಿಯನ್ನು ಗಾಜಿನ ಮೇಲಿಟ್ಟು ಭೂತಗನ್ನಡಿ ಹಿಡಿದರೆ ಬೆನ್ನಿನ ರಕ್ತನಾಳ ಹಿಂದಿನಿಂದ ಮುಂದಕ್ಕೆ ಮಿಡಿಯುವುದೂ ಕಾಣುತ್ತದೆ. ರಕ್ತ ನಮ್ಮದರಂತೆಯೇ ಕೆಂಪು, ಆದರೆ ಕೆಂಪು ಕಣಗಳಿಲ್ಲ, ಬಣ್ಣ ರಸದಲ್ಲೇ ಕರಗಿರುತ್ತದೆ. ಮಕ್ಕಳಿಗೆ ತೋರಿಸಿ.

ಚಾರ್ಲ್ಸ್ ಡಾರ್ವಿನ್ ಹುಳದ ಕುಂಡದ ಮುಂದೆ ವಾದ್ಯ ಊದಿಸಿ ನೋಡಿದ್ದ, 1881ರಲ್ಲಿ ಅದನ್ನು ಬರೆದೂ ಇದ್ದಾನೆ. ಸದ್ದಿಗೆ ಹುಳ ಕದಲಲಿಲ್ಲ, ಕುಂಡವನ್ನು ಪಿಯಾನೋ ಮೇಲಿಟ್ಟು ಬಾರಿಸಿದಾಗ ಬಿಲಕ್ಕೆ ಓಡಿದವು. ನಮ್ಮ ಊರ ಜಾತ್ರೆಯ ಡಿಜೆಗೂ ನನ್ನ ಹುಳ ಕದಲಲಿಲ್ಲ. ಡೀಸೆಲ್ ಪಂಪಿಗೆ ಅಂಟಿಕೊಂಡಿದ್ದ ತೊಟ್ಟಿಯಲ್ಲಿ ಮಾತ್ರ ಯಾವಾಗಲೂ ಹುಳ ಕಡಿಮೆ, ಅಲ್ಲಿ ನೆಲವೇ ನಡುಗುತ್ತದೆ. ಆ ತೊಟ್ಟಿ ಈಗ ಸಗಣಿ ಆರಿಸಲು.

ಎರಿ (ಕಪ್ಪು ಮಣ್ಣಿನ) ಹೊಲದ ನಾಡಹುಳ ಹಿಡಿದು ತಂದರೆ ಪುಕ್ಕಟೆ ಆಗುತ್ತದಲ್ಲ ಅಂತ ಕೇಳುವವರು ಬಹಳ. ತಂದು ನೋಡಿದ್ದೇನೆ. ಅವು ಮಣ್ಣು ತಿನ್ನುವ ಹುಳ, ಸಗಣಿ ರಾಶಿಯಲ್ಲಿ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಆಳಕ್ಕಿಳಿದು ಗಂಟು ಹಾಕಿಕೊಂಡು ಮಲಗುವುದು ಅವಕ್ಕೆ ಗೊತ್ತು, ತೊಟ್ಟಿಯಲ್ಲಿ ಇಳಿಯಲು ಆಳ ಎಲ್ಲಿದೆ? ಹೊಲದಲ್ಲೇ ಇರಲಿ, ಕಳೆನಾಶಕ ಕಡಿಮೆ ಮಾಡಿ. ಹಾಗೇ, ಸಲಿಕೆಗೆ ಸಿಕ್ಕು ತುಂಡಾದರೆ ಒಂದು ಎರಡಾಗುತ್ತದೆ ಅಂತ ಆಳುಗಳು ನಂಬಿದ್ದಾರೆ. ಪಟ್ಟಿಯ ಹಿಂದೆ ಕಡಿದರೆ ತಲೆಯ ತುಂಡು ಬದುಕಿದರೆ ಬದುಕೀತು, ಬಾಲದ ತುಂಡು ಸಾಯುತ್ತದೆ. ಅದಕ್ಕೇ ಸಲಿಕೆ ಬೇಡ. ಗೊಬ್ಬರವನ್ನು ಗೋಪುರದಂತೆ ರಾಶಿ ಮಾಡಿ ಬೆಳಕಿಗೆ ಬಿಡಿ, ಹುಳ ತಾವೇ ಕೆಳಗಿಳಿಯುತ್ತವೆ, ಮೇಲಿನಿಂದ ಕೈಯಲ್ಲಿ ಬಳಿಯುತ್ತ ಬನ್ನಿ.

ದುಡ್ಡಿನ ಮಾತು. ಮೊದಲ ಮೂರು ವರ್ಷ ಹುಳ, ತೊಟ್ಟಿಯ ಪರಸಿ (ಚಪ್ಪಡಿ) ಕಲ್ಲು, ಟ್ಯಾಂಕರ್ ಎಲ್ಲ ಸೇರಿ ನಲವತ್ತು ಸಾವಿರದ ಮೇಲೆ ಹೋಗಿದೆ, ಬಂದದ್ದು ಅದರ ಕಾಲು ಭಾಗವೂ ಇಲ್ಲ. ಈಗ ವರ್ಷಕ್ಕೆ ಏಳೆಂಟು ಟನ್ ಗೊಬ್ಬರ. ಅರ್ಧ ನಮ್ಮ ಲಿಂಬೆಗೇ ಬೇಕು, ಉಳಿದದ್ದು ಕಿಲೋಕ್ಕೆ ಏಳೆಂಟು ರೂಪಾಯಿಯಂತೆ ದ್ರಾಕ್ಷಿಯವರು ಒಯ್ಯುತ್ತಾರೆ. ಲಾಭ ನಿಜವಾಗಿ ಇರುವುದು ಹುಳದಲ್ಲಿ, ಅದೂ ಜೂನ್ ಜುಲೈ ಎರಡೇ ತಿಂಗಳು, ಎಲ್ಲರ ತೊಟ್ಟಿ ಖಾಲಿ ಇರುವಾಗ. ಕಿಲೋಕ್ಕೆ ಮುನ್ನೂರೈವತ್ತು ಹೇಳುತ್ತೇನೆ, ಪಟ್ಟಿ ಕಟ್ಟಿದ ಹುಳ ಅರ್ಧದಷ್ಟಾದರೂ ಇರುವಂತೆ ತೂಗುತ್ತೇನೆ, ಮೇಲೆ ಒಂದು ಬೊಗಸೆ ತತ್ತಿ ಗೊಬ್ಬರ ಪುಕ್ಕಟೆ. ಒಯ್ಯಲು ಬರುವವರು ಬುಟ್ಟಿ, ಒದ್ದೆ ತಟ್ಟು ತನ್ನಿ, ಮುಂಜಾನೆ ಎಂಟರೊಳಗೆ ಬನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡುವುದಿಲ್ಲ.