ಕೋಶಪೊರೆಯ ಕೊಲೆಸ್ಟ್ರಾಲ್ ತೆಗೆದು ಸೋಂಕು ಅಳೆಯುವುದು: ದಾವಣಗೆರೆಯ ಲ್ಯಾಬ್ ಟಿಪ್ಪಣಿ

ಕೋಶಪೊರೆಯಲ್ಲಿ ಕೊಲೆಸ್ಟ್ರಾಲ್, ಸ್ಫಿಂಗೋಲಿಪಿಡ್ (ಪೊರೆಯ ಒಂದು ಬಗೆಯ ಕೊಬ್ಬು) ಒತ್ತೊತ್ತಾಗಿ ಸೇರಿದ ಜಾಗಗಳನ್ನು 1997ರಲ್ಲಿ ಸೈಮನ್ಸ್ ಮತ್ತು ಇಕೋನೆನ್ ‘ರಾಫ್ಟ್’, ಅಂದರೆ ತೆಪ್ಪ, ಎಂದು ವಿವರಿಸಿದರು. ಹರಿಹರದ ಹೊಳೆಯ ತೆಪ್ಪದಷ್ಟು ಗಟ್ಟಿಯಲ್ಲ ಇವು; ಕೂಡುತ್ತವೆ, ಚದುರುತ್ತವೆ. ವೈರಸ್ ಒಳಹೋಗಲು ಇವು ಬೇಕೇ ಎಂದು ತಿಳಿಯಲು ನಾವು ಕೊಲೆಸ್ಟ್ರಾಲನ್ನೇ ಹೀರಿ ತೆಗೆಯುತ್ತೇವೆ.

ಸುತ್ತಲೂ ಕೋಳಿ ಫಾರಂಗಳಿರುವುದರಿಂದ ಆರಿಸಿಕೊಂಡದ್ದು ಕೋಳಿಗಳಿಗೆ ಬರುವ ಕೊಕ್ಕರೆ ರೋಗದ, ಅಂದರೆ ರಾಣಿಖೇತ್‌ನ, ವೈರಸ್; ಅದರಲ್ಲೂ ಲಾಸೋಟಾ ಲಸಿಕೆ ತಳಿ. ಕೋಶ, 10 ದಿನದ ಕೋಳಿಭ್ರೂಣದ ಫೈಬ್ರೋಬ್ಲಾಸ್ಟ್ (ಸಂಯೋಜಕ ಅಂಗಾಂಶದ ಕೋಶ). ಸೋಂಕಿನ ಮಾಧ್ಯಮಕ್ಕೆ ಟ್ರಿಪ್ಸಿನ್ ಹಾಕುವುದಿಲ್ಲ; ಈ ತಳಿಯ ಹೊಸ ವೈರಸ್ ಕೋಶದೊಳಗೆ ನುಗ್ಗಬೇಕಾದರೆ ಆ ಕಿಣ್ವ ಅದರ ಹೊರ ಪ್ರೋಟೀನನ್ನು ಕತ್ತರಿಸಿರಬೇಕು. ಹಾಗಾಗಿ ಹೊಸದಾಗಿ ಹುಟ್ಟಿದ ವೈರಸ್ ಮತ್ತೆ ಸೋಂಕು ಹಬ್ಬಿಸದು, ಮೊದಲ ಸುತ್ತಿನದಷ್ಟೇ ಎಣಿಕೆಗೆ ಸಿಗುತ್ತದೆ.

ಕೊಲೆಸ್ಟ್ರಾಲ್ ಹೀರುವ ಔಷಧ ಮೀಥೈಲ್ ಬೀಟಾ ಸೈಕ್ಲೋಡೆಕ್ಸ್‌ಟ್ರಿನ್ 5 ಮಿಲಿಮೋಲಾರ್ ಸಾಕು: 10 ಮಿ.ಲೀ.ಗೆ ಸುಮಾರು 65 ಮಿ.ಗ್ರಾಂ. 37 ಡಿಗ್ರಿಯಲ್ಲಿ 30 ನಿಮಿಷ. ಸೀರಂ ಕೂಡದು, ಅದರಲ್ಲಿರುವ ಕೊಲೆಸ್ಟ್ರಾಲೇ ಔಷಧವನ್ನು ತುಂಬಿಬಿಡುತ್ತದೆ. 10 ಮಿಲಿಮೋಲಾರ್‌ಗೆ ಏರಿಸಿದರೆ ಕೋಶಗಳು ಉಂಡೆಯಾಗಿ ತಳ ಬಿಡುತ್ತವೆ, ಆಮೇಲೆ ಕಾಣುವ ಇಳಿಕೆ ಬರೀ ಸಾವು. ಸತ್ತ ಕೋಶಕ್ಕಷ್ಟೇ ಬಣ್ಣ ಹಿಡಿಯುವ ಟ್ರೈಪಾನ್ ಬ್ಲೂ ಎಣಿಕೆಯಲ್ಲಿ ಶೇ. 90ರಷ್ಟಾದರೂ ಬದುಕಿರದ ಪ್ಲೇಟನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎಲ್ಲರೂ ಎಡವುವುದು ತೊಳೆಯುವಲ್ಲಿ. ಉಳಿದ ಔಷಧ ವೈರಸ್‌ನ ಹೊದಿಕೆಯಿಂದಲೂ ಕೊಲೆಸ್ಟ್ರಾಲ್ ಕೀಳುತ್ತದೆ. ತಪ್ಪು ವೈರಸ್‌ನ ಕಡೆ, ನಾವು ಬರೆಯುವುದು ಕೋಶದ ಮೇಲೆ. ಪಿಬಿಎಸ್‌ (ಫಾಸ್ಫೇಟ್ ಉಪ್ಪಿನ ಬಫರ್) ನಲ್ಲಿ ಮೂರು ಸಲ ತೊಳೆದು, ಕೊನೆಯ ತೊಳೆ ನೀರನ್ನು ವೈರಸ್ ಜೊತೆ ಅರ್ಧ ಗಂಟೆ ಇಟ್ಟು, ಔಷಧ ಸೋಕದ ಕೋಶಕ್ಕೆ ಹಾಕಿ ನೋಡುತ್ತೇವೆ. ಅಲ್ಲೂ ಸೋಂಕು ಇಳಿದರೆ ಆ ಪ್ಲೇಟ್ ಕಸಕ್ಕೆ. ಇನ್ನೊಂದು ಸಾಲಿನಲ್ಲಿ ಕೊಲೆಸ್ಟ್ರಾಲ್ ತುಂಬಿದ ಸೈಕ್ಲೋಡೆಕ್ಸ್‌ಟ್ರಿನ್ ಕೊಟ್ಟು ಸೋಂಕು ಮರಳುತ್ತದೆಯೇ ಎಂದು ನೋಡಬೇಕು. ಮರಳದಿದ್ದರೆ ರಾಫ್ಟ್ ಮಾತು ಎತ್ತುವಂತಿಲ್ಲ.

ರಾಫ್ಟ್ ಬೇರ್ಪಡಿಸಲು ಶೇ. 1 ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕದಲ್ಲಿ ಕೋಶ ಕರಗಿಸುತ್ತೇವೆ, ಐಸ್ ಮೇಲೆ 30 ನಿಮಿಷ. ಬಿಸಿ ತಾಕಿದರೆ ರಾಫ್ಟೂ ಕರಗುತ್ತದೆ. ಏಪ್ರಿಲ್‌ನ ದಾವಣಗೆರೆ ಸೆಕೆಗೆ ಟ್ಯೂಬ್, ಪಿಪೆಟ್ ತುದಿ, ಬಫರ್ ಎಲ್ಲ ಹಿಂದಿನ ರಾತ್ರಿಯೇ ಫ್ರಿಜ್ ಸೇರಿರಬೇಕು. 2 ಮಿ.ಲೀ. ಲೈಸೇಟ್‌ಗೆ (ಹೀಗೆ ಕರಗಿಸಿದ ಕೋಶದ ದ್ರವ) ಅಷ್ಟೇ ಶೇ. 80ರ ಸುಕ್ರೋಸ್ ಬೆರೆಸಿ ತಳಕ್ಕೆ, ಮೇಲೆ ಶೇ. 30ರದ್ದು 4 ಮಿ.ಲೀ., ಅದರ ಮೇಲೆ ಶೇ. 5ರದ್ದು 4 ಮಿ.ಲೀ. ಪದರಗಳನ್ನು ಟ್ಯೂಬಿನ ಗೋಡೆಗುಂಟ ನಿಧಾನಕ್ಕೆ ಇಳಿಸಿ. ಅಲ್ಟ್ರಾಸೆಂಟ್ರಿಫ್ಯೂಜಿನ ಎಸ್‌ಡಬ್ಲ್ಯು 41 ರೋಟರ್, ನಿಮಿಷಕ್ಕೆ 39,000 ಸುತ್ತು, 4 ಡಿಗ್ರಿ, 16ರಿಂದ 18 ಗಂಟೆ. ನಡುವೆ ಕರೆಂಟ್ ಹೋದರೆ ಪದರ ಕಲಕುತ್ತದೆ, ಹೊಸದಾಗಿ ಶುರು ಮಾಡಬೇಕು. ಟ್ಯೂಬಿನ ಹಿಂದೆ ಕಪ್ಪು ಕಾಗದ ಹಿಡಿದರೆ 5–30ರ ಗಡಿಯಲ್ಲಿ ತೆಳು ಗಂಜಿಯಂಥ ಬಿಳಿ ಪಟ್ಟಿ ಕಾಣುತ್ತದೆ. ಮೇಲಿನಿಂದ 1 ಮಿ.ಲೀ.ನಂತೆ ತೆಗೆದರೆ ಅದು 4, 5ನೇ ಭಾಗಕ್ಕೆ ಬೀಳುತ್ತದೆ. ರಾಫ್ಟ್‌ನ ಗುರುತಾದ ಫ್ಲೋಟಿಲಿನ್ ಪ್ರೋಟೀನ್ ಅಲ್ಲೇ ಸಿಗಬೇಕು. ಅದನ್ನು ಹುಡುಕುವ ಪ್ರತಿಕಾಯ ಕೋಳಿಯ ಪ್ರೋಟೀನಿಗೆ ಹಿಡಿಯುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ.