ಕಂಡದ್ದನ್ನು ಕಂಡಂತೆ ಬರೆದಿಡುವುದು ಹೇಗೆ?

ಕಳೆದ ವರ್ಷ ಹೋಗಿದ್ದ ಮದುವೆಯ ಊಟದಲ್ಲಿ ಕೋಸಂಬರಿ ಬಡಿಸಿದ್ದರೇ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಡವರಿಸದೆ ಹೌದೆನ್ನುತ್ತಾರೆ. ಆ ಉತ್ತರ ಅಂದಿನ ಎಲೆಯ ನೆನಪಿನಿಂದಲೇ ಬಂದಿರಬೇಕೆಂದಿಲ್ಲ. ಮದುವೆಯ ಊಟವೆಂದರೆ ಹೀಗಿರುತ್ತದೆ ಎಂದು ಹತ್ತಾರು ಊಟಗಳಿಂದ ಮನಸ್ಸು ಕಟ್ಟಿಕೊಂಡ ಚೌಕಟ್ಟಿನಿಂದಲೂ ಅದು ಬಂದಿರಬಹುದು, ಮತ್ತು ಇವೆರಡರ ವ್ಯತ್ಯಾಸ ಉತ್ತರಿಸುವವರಿಗೇ ತಿಳಿಯುವುದಿಲ್ಲ. ಮನಶ್ಶಾಸ್ತ್ರದಲ್ಲಿ ಇಂತಹ ಚೌಕಟ್ಟನ್ನು ಸ್ಕೀಮಾ ಎನ್ನುತ್ತಾರೆ. ಕೋಸಂಬರಿಯ ವಿಷಯದಲ್ಲಿ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಆದರೆ ರಸ್ತೆ ಅಪಘಾತಕ್ಕೆ ಸಾಕ್ಷಿಯಾದಾಗ, ಸಂಘದ ಸಭೆಯ ನಡಾವಳಿ ಬರೆಯುವಾಗ, ಮನೆಯವರ ಕಾಯಿಲೆಯ ಲಕ್ಷಣಗಳನ್ನು ವೈದ್ಯರಿಗೆ ವಿವರಿಸುವಾಗ ಈ ಬೆರಕೆ ದುಬಾರಿಯಾಗಬಲ್ಲದು. ಅಂತಹ ಸಂದರ್ಭಗಳಿಗಾಗಿ ಈ ಕ್ರಮ.

ಮೊದಲನೆಯದಾಗಿ, ಘಟನೆ ನಡೆದ ಕೂಡಲೇ, ಇತರರೊಡನೆ ಅದರ ಬಗ್ಗೆ ಮಾತನಾಡುವ ಮುನ್ನ, ಒಬ್ಬರೇ ಕುಳಿತು ಬರೆಯಿರಿ. ಬರೆದ ದಿನಾಂಕ ಮತ್ತು ಸಮಯವನ್ನು ನಮೂದಿಸಿ. ಕೇಂಬ್ರಿಡ್ಜಿನ ಮನಶ್ಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲೆಂಡಿನ ಓದುಗರಿಗೆ ಕೊಟ್ಟು, ಸ್ವಲ್ಪ ಹೊತ್ತಿನ ಬಳಿಕ ಒಮ್ಮೆ, ದಿನಗಳೋ ತಿಂಗಳುಗಳೋ ಕಳೆದ ಮೇಲೆ ಮತ್ತೊಮ್ಮೆ ಅದನ್ನು ನೆನಪಿನಿಂದ ಬರೆಯಿಸಿದರು. ಮೂಲನಿವಾಸಿಗಳ ಕನೂ ಸಾಮಾನ್ಯ ದೋಣಿಯಾಯಿತು, ಸೀಲ್ ಎಂಬ ಕಡಲಪ್ರಾಣಿಯ ಬೇಟೆ ಮೀನು ಹಿಡಿಯುವುದಾಯಿತು, ಕೆಲವರ ಬರಹದಿಂದ ಕಥೆಯಲ್ಲಿದ್ದ ಪ್ರೇತಗಳೇ ಮರೆಯಾದವು. ಯಾರೂ ಬೇಕೆಂದು ಬದಲಿಸಿರಲಿಲ್ಲ. ಅಪರಿಚಿತವಾದದ್ದು ಪರಿಚಿತವಾದದ್ದಕ್ಕೆ ತಾನಾಗಿಯೇ ಒಗ್ಗಿಕೊಂಡಿತ್ತು. ಆದ್ದರಿಂದ ನಾಲ್ಕು ಜನರಿಗೆ ಹೇಳಿದ ಮೇಲೆ ಬರೆದದ್ದು ಎಷ್ಟೇ ಅಚ್ಚುಕಟ್ಟಾಗಿದ್ದರೂ ಮೊದಲ ಟಿಪ್ಪಣಿಯ ಬೆಲೆ ಅದಕ್ಕಿಲ್ಲ. ಒರಟಾಗಿರುವ ಆ ಮೊದಲ ಟಿಪ್ಪಣಿಯನ್ನು ಹರಿದುಹಾಕದಿರಿ.

ಬರೆದಾದ ಮೇಲೆ ಪ್ರತಿ ಸಾಲಿನ ಪಕ್ಕದಲ್ಲಿ ‘ಕಂಡದ್ದು’, ‘ಕೇಳಿದ್ದು’, ‘ಇದ್ದಿರಬೇಕು’ ಎಂಬ ಮೂರರಲ್ಲಿ ಒಂದನ್ನು ಗುರುತಿಸಿ. ಇಡೀ ಕ್ರಮದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸುವುದು ಇದೇ. 1981ರಲ್ಲಿ ಬ್ರೂವರ್ ಮತ್ತು ಟ್ರೇಯನ್ಸ್ ಎಂಬ ಸಂಶೋಧಕರು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ವಿಶ್ವವಿದ್ಯಾಲಯದ ಕಚೇರಿಯೊಂದರಲ್ಲಿ 35 ಸೆಕೆಂಡು ಕಾಯಿಸಿ, ಬಳಿಕ ಬೇರೆ ಕೋಣೆಗೆ ಕರೆದೊಯ್ದು, ಮೊದಲು ಕಾದಿದ್ದ ಕಚೇರಿಯಲ್ಲಿ ಏನೇನಿತ್ತು ಎಂದು ಕೇಳಿದರು. ಆ ಕಚೇರಿಯಲ್ಲಿ ಪುಸ್ತಕಗಳಿರಲಿಲ್ಲ. ಆದರೂ ಬರೆದು ಉತ್ತರಿಸಿದ 30 ಮಂದಿಯಲ್ಲಿ 9 ಮಂದಿ ಪುಸ್ತಕಗಳನ್ನು ನೆನಪಿಸಿಕೊಂಡರು. ಇಂತಹ ತಪ್ಪು ನುಸುಳುವುದು ವಿಚಿತ್ರ ಸಂಗತಿಗಳಲ್ಲಿ ಅಲ್ಲ, ಅತಿ ಸಹಜವಾದವುಗಳಲ್ಲಿ. ಹಾಗಾಗಿ ‘ಚಾಲಕ ಹಾರ್ನ್ ಹಾಕಿದ’, ‘ಅಧ್ಯಕ್ಷರು ಸದಸ್ಯರನ್ನು ಸ್ವಾಗತಿಸಿದರು’ ಎಂಬಂತಹ, ಸಾಮಾನ್ಯವಾಗಿ ಆಗಿಯೇ ಆಗುವ ಸಂಗತಿಗಳ ಮುಂದೆ ಹೆಚ್ಚು ಹೊತ್ತು ನಿಲ್ಲಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ನೀವು ಬರೆಯುವವರಲ್ಲದೆ ಕೇಳುವವರಾಗಿದ್ದರೆ ಪ್ರಶ್ನೆಯಲ್ಲಿ ಉತ್ತರವನ್ನು ತುರುಕಬೇಡಿ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರ ಪ್ರಯೋಗದಲ್ಲಿ ಒಂದೇ ಅಪಘಾತದ ದೃಶ್ಯವನ್ನು ಎಲ್ಲರಿಗೂ ತೋರಿಸಿ, ಕಾರುಗಳು ಪರಸ್ಪರ ‘ಅಪ್ಪಳಿಸಿದಾಗ’ ವೇಗವೆಷ್ಟಿತ್ತು ಎಂಬರ್ಥದಲ್ಲಿ ಕೆಲವರನ್ನೂ, ‘ಗುದ್ದಿದಾಗ’ ಎಷ್ಟಿತ್ತು ಎಂಬರ್ಥದಲ್ಲಿ ಇನ್ನು ಕೆಲವರನ್ನೂ ಕೇಳಿದರು. ಒಂದು ವಾರದ ನಂತರ, ಒಡೆದ ಗಾಜನ್ನು ಕಂಡಿರಾ ಎಂಬ ಪ್ರಶ್ನೆಗೆ ಮೊದಲ ಗುಂಪಿನ 50 ಜನರಲ್ಲಿ 16 ಮಂದಿ ಹೌದೆಂದರೆ, ಎರಡನೆಯ ಗುಂಪಿನ 50ರಲ್ಲಿ ಹಾಗೆಂದವರು 7 ಮಂದಿ. ದೃಶ್ಯದಲ್ಲಿ ಒಡೆದ ಗಾಜು ಇರಲೇ ಇಲ್ಲ. ‘ಆಮೇಲೆ ಏನಾಯಿತು?’ ಎಂಬಷ್ಟೇ ಬರಿದಾದ ಪ್ರಶ್ನೆಗಳಿಂದ ಆರಂಭಿಸುವುದು ಕ್ಷೇಮ.

ಬಿಟ್ಟುಹೋದದ್ದನ್ನು ಮರಳಿ ಪಡೆಯಲು ಚೌಕಟ್ಟನ್ನೇ ಬದಲಿಸಿ ನೋಡಬಹುದು. ಆಂಡರ್ಸನ್ ಮತ್ತು ಪಿಚರ್ಟ್ 1978ರಲ್ಲಿ ಮನೆಯೊಂದರ ವರ್ಣನೆಯಿದ್ದ ಕಥೆಯನ್ನು ಕೆಲವರಿಗೆ ಮನೆ ಕೊಳ್ಳುವವರ ದೃಷ್ಟಿಯಿಂದ, ಇನ್ನು ಕೆಲವರಿಗೆ ಕಳ್ಳರ ದೃಷ್ಟಿಯಿಂದ ಓದಿಸಿದರು. ನೆನಪಿನಿಂದ ಬರೆಯಿಸಿದ ಮೇಲೆ ದೃಷ್ಟಿಯನ್ನು ಅದಲುಬದಲು ಮಾಡಿ ಮತ್ತೆ ಬರೆಯಲು ಹೇಳಿದಾಗ, ಮೊದಲ ಸಲ ಬರೆಯದಿದ್ದ ವಿವರಗಳು ಕೆಲವರಿಗೆ ಹೊಳೆದವು. ನೀವೂ ನಡಾವಳಿಯನ್ನು ಕಾರ್ಯದರ್ಶಿಯಾಗಿ ಬರೆದ ಮೇಲೆ, ಖಜಾಂಚಿಯ ಕಣ್ಣಿನಿಂದ ಅದೇ ಸಭೆಯನ್ನು ಇನ್ನೊಮ್ಮೆ ನೆನೆಯಿರಿ. ಆದರೆ ಈ ಉಪಾಯ ಊಹೆಗೂ ಬಾಗಿಲು ತೆರೆಯುವುದರಿಂದ, ಹೀಗೆ ಬಂದ ಸಾಲುಗಳನ್ನು ಬೇರೆ ಶಾಯಿಯಲ್ಲಿ ಬರೆಯುವುದು ಒಳ್ಳೆಯದು.

ಚೌಕಟ್ಟು ಶತ್ರುವೇನಲ್ಲ. 1972ರಲ್ಲಿ ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ ಬಟ್ಟೆ ಒಗೆಯುವುದನ್ನು ಹೆಸರಿಸದೆಯೇ ವಿವರಿಸಿದ ಪಠ್ಯವನ್ನು ಬಳಸಿದಾಗ, ವಿಷಯವನ್ನು ಮೊದಲೇ ತಿಳಿದವರು ಚೆನ್ನಾಗಿ ಗ್ರಹಿಸಿದರು; ಕೇಳಿ ಮುಗಿದ ಮೇಲೆ ತಿಳಿದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಕಠಿಣ ಅಧ್ಯಾಯವನ್ನು ಓದುವಾಗ ಶೀರ್ಷಿಕೆಗಳನ್ನು ಮೊದಲು ನೋಡಬೇಕು, ಘಟನೆಯನ್ನು ದಾಖಲಿಸುವಾಗ ಶೀರ್ಷಿಕೆಯನ್ನು ಕೊನೆಗೆ ಕೊಡಬೇಕು. ‘ಕುಡಿದ ಚಾಲಕನಿಂದ ಅಪಘಾತ’ ಎಂದು ಮೇಲೆ ಬರೆದುಕೊಂಡರೆ ಕೆಳಗಿನ ಸಾಲುಗಳು ಅದಕ್ಕೆ ತಕ್ಕಂತೆ ವಾಲುತ್ತವೆ.

ಉಳಿದದ್ದು ತೀರ್ಮಾನದ ಘಟ್ಟ. ‘ನಿಷ್ಪಕ್ಷಪಾತವಾಗಿ ಯೋಚಿಸುತ್ತೇನೆ’ ಎಂಬ ಸಂಕಲ್ಪವನ್ನು ನೆಚ್ಚಬೇಡಿ. ಮರಣದಂಡನೆಯ ಕುರಿತ ಸಾಕ್ಷ್ಯಗಳನ್ನು ಬಳಸಿ ಲಾರ್ಡ್, ಲೆಪ್ಪರ್ ಮತ್ತು ಪ್ರೆಸ್ಟನ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಂತಹ ಸೂಚನೆಯಿಂದ ಪೂರ್ವಗ್ರಹ ತಗ್ಗಲಿಲ್ಲ. ಇದೇ ಸಾಕ್ಷ್ಯ ಎದುರು ಪಕ್ಷವನ್ನು ಸಮರ್ಥಿಸಿದ್ದರೆ ಇದನ್ನು ಹೀಗೆಯೇ ತೂಗುತ್ತಿದ್ದೆನೇ ಎಂದು ಕೇಳಿಕೊಳ್ಳುವಂತೆ ಸೂಚಿಸಿದಾಗ ತಗ್ಗಿತು. ಆ ಪ್ರಶ್ನೆಯನ್ನು ಟಿಪ್ಪಣಿಯ ಅಂಚಿನಲ್ಲಿ ಬರೆದುಕೊಂಡು ಉತ್ತರವನ್ನೂ ಬರೆಯಿರಿ. ಇಬ್ಬರ ಟಿಪ್ಪಣಿಗಳು ಹೊಂದದಿದ್ದಾಗ ಒಂದನ್ನು ಇನ್ನೊಂದಕ್ಕೆ ತಕ್ಕಂತೆ ತಿದ್ದಬೇಡಿ. ಎರಡನ್ನೂ ಹಾಗೆಯೇ ಲಗತ್ತಿಸಿ, ಎಲ್ಲಿ ಭೇದವಿದೆ ಎಂಬುದನ್ನು ಮಾತ್ರ ಗುರುತು ಮಾಡಿ.